ಬಾಯಕ್ಕನ ಬೆನ್ನು ದಬ್ಬಿದ ಬೆಳಗು

ಆಗ ನಮ್ಮ ಕುಣಿಕೋಣೂರಿನಲ್ಲಿ ಗಡಿಯಾರ ನೋಡಿ ಏಳುವವರು ಯಾರೂ ಇರಲಿಲ್ಲ. ಬೀರಪ್ಪನ ಕುರಿಗಳು ನಮ್ಮ ಮನೆಯ ಮುಂದೆ ಹಾದುಹೋಗುವಾಗ ಎಚ್ಚರವಾಗುತ್ತಿತ್ತು. ಕೌದಿಯೊಳಗೆ ಮಲಗಿಕೊಂಡೇ ನಾನು ಆ ಸದ್ದು ಕೇಳುತ್ತಿದ್ದೆ. ಮೊದಲು ಗಂಟೆಗಳ ಸದ್ದು, ಆಮೇಲೆ ಸಾವಿರ ಸಣ್ಣ ಗೊರಸುಗಳ ಸದ್ದು, ಆಮೇಲೆ ಉಣ್ಣೆಯ ವಾಸನೆ. ಒಲೆಯ ಮುಂದೆ ಅವ್ವ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಕುಳ್ಳಿನ ಹೊಗೆ, ಎಳ್ಳು ಹಚ್ಚಿದ ರೊಟ್ಟಿ, ಕುರಿಯ ಉಣ್ಣೆ ಮೂರೂ ಕೂಡಿದ ಆ ವಾಸನೆಯೇ ನನ್ನ ಪಾಲಿಗೆ ಬೆಳಗು.

ಕುರಿಗಳ ಹಿಂದೆ ಬಾಯಕ್ಕ ಇರುತ್ತಿದ್ದಳು. ಬೀರಪ್ಪನ ಮಗಳು, ನನ್ನ ವಾರಿಗೆಯವಳು, ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುವವಳು. ಕುರಿಗಳನ್ನು ಕಲ್ಲುಹೊಲದವರೆಗೆ ಮುಟ್ಟಿಸಿ, ಅಲ್ಲಿಂದ ಎರಡು ಮೈಲಿ ಶಾಲೆಗೆ ಓಡಿ ಬರುತ್ತಿದ್ದಳು. ಬರಿಗಾಲು, ಹೆಗಲಿಗೆ ಪಾಟಿಚೀಲ. ಬಾಗಿಲಿಗೆ ಬಂದಾಗ ಅವಳ ಮೈಯಿಂದ ಬೆಚ್ಚನೆಯ ಹಬೆ ಏಳುತ್ತಿತ್ತು. ಚಳಿ ಎಂದರೆ ನಾನು ಅವಳಿಗೆ ಅಂಟಿಕೊಂಡು ಕೂರುತ್ತಿದ್ದೆ.

ಆ ವರ್ಷ ದೀಪಾವಳಿ ಸೂಟಿ ಮುಗಿದ ಮೇಲೆ ಜತ್ತದಲ್ಲಿ ತಾಲೂಕಿನ ಶಾಲೆಗಳ ಓಟವಿತ್ತು. ನಮ್ಮ ಗುರೂಜಿ ಸಾತಾರೆ ಕಡೆಯವರು. ಕವಾಯತಿನ ಶಿಕ್ಷಣ ಪಡೆದು ಹೊಸದಾಗಿ ಬಂದಿದ್ದರು. ಕನ್ನಡ ಮಾತಾಡುವಾಗಲೂ ಎಣಿಸುವುದು ಮಾತ್ರ ಮರಾಠಿಯಲ್ಲೇ. ಬಾಯಕ್ಕನ ಓಟ ಕಂಡವರೇ ನೇರವಾಗಿ ಬೀರಪ್ಪನ ಹಟ್ಟಿಗೆ ಹೋದರು. ಅವರ ಧೋತರದ ಹಿಂದೆ ನಾನೂ ಹೋದೆ.

"ಇನ್ನ ಹತ್ತು ಹನ್ನೆರಡು ದಿನಕ್ಕ ಕುರಿ ಹೊಡ್ಕೊಂಡು ಕೃಷ್ಣಾ ದಂಡಿಗೆ ಹೊಂಟೇವ್ರಿ ಗುರೂಜಿ" ಎಂದ ಬೀರಪ್ಪ. ಪ್ರತಿವರ್ಷ ಹಾಗೆಯೇ. ದೀಪಾವಳಿಯ ನಂತರ ಮೇವು ಹುಡುಕಿ ಹೋದರೆ ಮುಂಗಾರಿನ ಮಿರಗದ ಮಳೆಗೇ ತಿರುಗಿ ಬರುವುದು. ಬಾಯಕ್ಕನ ಪಾಟಿ ಅಷ್ಟು ದಿನ ನಮ್ಮ ಮನೆಯ ಗೂಡಿನಲ್ಲಿರುತ್ತಿತ್ತು.

"ಅಕಿನ್ನ ಇಲ್ಲೇ ಬಿಟ್ಟು ಹೋಗ್ರಿ, ಸಾಲಿ ಕಲೀಲಿ" ಎಂದರು ಗುರೂಜಿ.

ಬೀರಪ್ಪ ಕೈಯಲ್ಲಿದ್ದ ಕದರಿನಿಂದ ಉಣ್ಣೆಯ ಒಂದು ಎಳೆ ನೂತು ಮುಗಿಸಿದ. ಆಮೇಲೆ ನನ್ನ ಕಡೆ ನೋಡಿ ನಕ್ಕ. "ಓಡಿ ಗೆದ್ದು ಬರ್ಲಿ. ಗೆದ್ರ ಈ ಗಂಗಿ ಮನ್ಯಾಗ ಬಿಡ್ತೀನಿ. ಇಲ್ಲಂದ್ರ ಕುರಿ ಹಿಂದ ನಡೀತಾಳ. ಖರೆ, ಕಾಲಿಗೆ ಏನರ ಆದ್ರ ಹೆಂಗ್ರಿ? ನಮ್ಮದು ನಡಿಗಿ ಬಾಳೇವು."

"ಓಡೂ ಮುಂಚೆ ನರ ಎಳದು ಸಡಿಲ ಮಾಡಿದ್ರ ಏನೂ ಆಗಂಗಿಲ್ಲ. ನಾ ಮಾತು ಕೊಡ್ತೀನಿ."

ಆ ಸಂಜೆ ನಾನು ನೆಲಕ್ಕೆ ಕಾಲೂರದೆ ಮನೆಗೆ ಬಂದೆ. ಚಳಿಗಾಲವಿಡೀ ಬಾಯಕ್ಕ ನನ್ನ ಪಕ್ಕದಲ್ಲಿ ಮಲಗುವಳು! ಅವ್ವ ಹಳೆಯ ಇಳಕಲ್ ಸೀರೆಗಳನ್ನು ಮಡಿಚಿ ಅವಳಿಗಾಗಿ ಒಂದು ಕೌದಿ ಹೊಲಿಯಲು ಶುರುಮಾಡಿದಳು. ನಾನು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟೆ.

ದಿನಾ ಶಾಲೆ ಬಿಟ್ಟ ಮೇಲೆ ಬಾಯಕ್ಕನ ನರ ಸಡಿಲ ಮಾಡಿಸುವ ಕೆಲಸ ನನ್ನದಾಯಿತು. ಅವಳು ಕಾಲು ಚಾಚಿ ಕೂತು ಹೆಬ್ಬೆರಳು ಹಿಡಿಯಬೇಕು, ನಾನು ಹಿಂದಿನಿಂದ ಬೆನ್ನು ದಬ್ಬಿ ಹದಿನೈದು ಎಣಿಸಬೇಕು. ಅವಳಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಮೊದಲ ದಿನವೇ, ಅಲ್ಲೇ ಮಲಗಿದ್ದ ಅವರ ನಾಯಿ ಎದ್ದು, ಮುಂಗಾಲು ಚಾಚಿ, ಬಾಯಿ ತೆರೆದು ಮೈಮುರಿಯಿತು.

"ನೋಡು, ನಾಯಿನೂ ಮಾಡ್ತೈತಿ. ಗುರೂಜಿ ಹೇಳೂದು ಖರೆ ಐತಿ" ಎಂದೆ.

"ಅದು ಮಾಡ್ತೈತಿ, ಖರೆ. ಅದರ ಬೆನ್ನ ಯಾರರ ದಬ್ಬತಾರೇನ?" ಎಂದವಳೇ ಎದ್ದು ಓಡಿದಳು. ನಾನೂ ಹಿಂದೆಯೇ ಓಡಿದೆ. ಹೀಗೆ ಎಂಟು ದಿನವೂ ನಾವು ಶೇಂಗಾ ಆರಿಸಿದೆವು, ಹಳ್ಳದ ಮರಳಿನಲ್ಲಿ ಕುಂಟಾಬಿಲ್ಲೆ ಆಡಿದೆವು. ಗುರೂಜಿ ಕೇಳಿದಾಗಲೆಲ್ಲ ನಾನು "ಮಾಡಿಸೀನ್ರಿ" ಎನ್ನುತ್ತಿದ್ದೆ. ಸುಳ್ಳು ಹೇಳುವಾಗ ನನಗೆ ಎಂದೂ ಅಂಥ ಸುಖ ಆಗಿರಲಿಲ್ಲ.

ಓಟದ ದಿನ ಊರವರೆಲ್ಲ ಅವಳಿಗೆ ಮರ್ಯಾದೆ ಮಾಡಲು ಹೊರಟರು. ಇಷ್ಟು ದಿನ ಕುರಿ ಹಿಂದೆ ನಡೆದ ಕಾಲು ಇವತ್ತಾದರೂ ದಣಿಯಬಾರದೆಂದು ನಮ್ಮಪ್ಪ ಗಾಡಿ ಹೂಡಿದ. ನಸುಕಿನಲ್ಲಿ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಕೂರಿಸಿದರು. ಅವ್ವ ಹೊಸ ಕೌದಿಯನ್ನು ಅವಳ ಕಾಲಿಗೆ ಹೊದಿಸಿ, "ಕಾಲ ಅಲಗಾಡಸಬ್ಯಾಡವಾ" ಎಂದಳು. ಹಾದಿಯುದ್ದಕ್ಕೂ ಜೋಳದ ಹೊಲಗಳ ಮೇಲೆ ಮಂಜು ಕೂತಿತ್ತು. ಗಾಡಿ ತೂಗುತ್ತಿತ್ತು. ಬಾಯಕ್ಕ ಹೊಸ ಮದುಮಗಳಂತೆ ಮಿಸುಕದೆ ಕೂತಿದ್ದಳು. ಎರಡು ಸಲ "ಇಳದು ನಡೀಲೇನ?" ಎಂದು ಕೇಳಿದಳು. ಎರಡೂ ಸಲ ನಾವು ಬೇಡವೆಂದೆವು.

ಜತ್ತದ ಬಯಲಿನಲ್ಲಿ ಇಳಿದಾಗ ಅವಳ ಕಾಲು ತಣ್ಣಗಿತ್ತು. ಗುರೂಜಿ ಹೆಸರು ಬರೆಸಲು ಹೋಗುತ್ತಾ, "ಗಂಗೂ, ನರ ಸಡಿಲ ಮಾಡಸು, ಲಗೂನ" ಎಂದರು.

ಆಗ ನನಗೆ ಭಯವಾಯಿತು. ಎಂಟು ದಿನ ಮಾಡದೇ ಬಿಟ್ಟದ್ದೆಲ್ಲ ನೆನಪಾಯಿತು. ಸುತ್ತಲೂ ಬೇರೆ ಊರಿನ ಹುಡುಗಿಯರು, ಬಿಳಿ ರಿಬ್ಬನ್ನು ಕಟ್ಟಿಕೊಂಡು ಎತ್ತರೆತ್ತರ ನಿಂತಿದ್ದರು. ಇವಳು ಸೋತರೆ ಚಳಿಗಾಲವೇ ಹೋಯಿತು. ಬಾಯಕ್ಕ ಕಾಲು ಚಾಚಿ ಕೂತಳು. ನಾನು ಎರಡೂ ಅಂಗೈ ಊರಿ, ಹಿಟ್ಟು ನಾದುವಾಗಿನಂತೆ ಮೈಭಾರವನ್ನೆಲ್ಲ ಹಾಕಿ ದಬ್ಬಿದೆ. ಏಕ, ದೋನ, ತೀನ. ಅವಳು ಒಮ್ಮೆ "ಸ್ಸ್" ಎಂದಳು. ನಾನು ಬಿಡಲಿಲ್ಲ. ಎಂಟು ದಿನದ್ದನ್ನು ಒಂದೇ ಸಲಕ್ಕೆ ತೀರಿಸುವಂತೆ ಇನ್ನಷ್ಟು ದಬ್ಬಿದೆ. ಅವಳು ಮತ್ತೆ ತುಟಿ ಬಿಚ್ಚಲಿಲ್ಲ.

ಸೀಟಿ ಊದಿದರು. ಅರ್ಧ ದಾರಿಯವರೆಗೆ ಅವಳ ಮುಂದೆ ಯಾರೂ ಇರಲಿಲ್ಲ. ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದೆ. ಆಮೇಲೆ ಅವಳ ಕೈ ತೊಡೆಯ ಹಿಂದಕ್ಕೆ ಹೋಯಿತು. ಬಿಳಿ ರಿಬ್ಬನ್ನುಗಳು ಒಂದೊಂದಾಗಿ ಅವಳನ್ನು ದಾಟಿದವು. ಆದರೂ ನಿಲ್ಲದೆ ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಗೆರೆ ಮುಟ್ಟಿದಳು.

ಊರಿಗೆ ಬಂದ ಮೇಲೆ ಬೀರಪ್ಪ ಕುರಿಮರಿಯ ಕಾಲು ನೋಡುವಂತೆ ಅವಳ ಕಾಲನ್ನು ಮೆಲ್ಲನೆ ಒತ್ತಿ ನೋಡಿದ. ಗುರೂಜಿ ತಲೆ ತಗ್ಗಿಸಿ ನಿಂತಿದ್ದರು.

"ಏನಾತು ಮಗಳ?"

"ಕಲ್ಲ ಮ್ಯಾಲ ಕಾಲ ಬಿತ್ತಪ್ಪ."

ಅವನು ಅವಳ ಅಂಗಾಲನ್ನು ತಿರುಗಿಸಿ ನೋಡಿದ. ಒಂದು ಗೀರೂ ಇರಲಿಲ್ಲ. ನನ್ನ ಮುಖವನ್ನೂ ನೋಡಿದ. "ಕಲ್ಲ ಅಂತ್ರಿ ಗುರೂಜಿ. ನಿಮ್ಮ ಮಾತಿಗೇನೂ ಆಗಿಲ್ಲ" ಎಂದು ಔಡಲ ಎಲೆ ಬಿಸಿಮಾಡಿ ತೊಡೆಗೆ ಇಟ್ಟು, ಉಣ್ಣೆಯ ಹಗ್ಗದಿಂದ ಕಟ್ಟಿದ.

ಅವ್ವ ಕೇಳಿಕೊಂಡಳು. "ಗೆಲ್ಲದಿದ್ರೇನಾತು, ಬಿಟ್ಟು ಹೋಗ್ರಿ ಯಣ್ಣಾ."

"ಕುಂಟೂ ಕೂಸಿನ್ನ ಮಂದಿ ಮನ್ಯಾಗ ಬಿಡಬಾರ್ದವಾ. ನೋವಿನಾಗ ತಂದೀನ್ನ ನೆನಸ್ತಾಳ."

ಮೂರನೇ ದಿನ ಅವರು ಹೊರಟರು. ಸಾಮಾನು ಹೊರುವ ಕುದುರೆಯ ಮೇಲೆ, ಎರಡು ಎಳೆಯ ಮರಿಗಳ ನಡುವೆ ಬಾಯಕ್ಕನನ್ನು ಕೂರಿಸಿದರು. ಅವ್ವ ಕೌದಿಯನ್ನು ಕುದುರೆಯ ಬೆನ್ನಿಗೆ ಹಾಸಿಕೊಟ್ಟಳು. ಧೂಳು ಬಂಗಾರದ ಬಣ್ಣದಲ್ಲಿ ಎದ್ದಿತು. ಅದರೊಳಗೆ ಅವಳು ತೂಗುತ್ತಾ ತೂಗುತ್ತಾ ಸಣ್ಣವಳಾದಳು. ಎಷ್ಟೋ ದಿನ ರೊಟ್ಟಿ ರುಚಿಸಲಿಲ್ಲ.

ಮಿರಗ ಬಂತು. ಗಂಟೆಗಳ ಸದ್ದು ಕೇಳಿ ಹಳ್ಳದವರೆಗೂ ಓಡಿದೆ. ಬಾಯಕ್ಕ ಕುರಿಗಳ ಮುಂದೆ ನೆಟ್ಟಗೆ ನಡೆದು ಬರುತ್ತಿದ್ದಳು. ನಾನು ಅತ್ತುಕೊಂಡೇ ಹೇಳಿದೆ, "ಕಲ್ಲಲ್ಲ ಬಾಯಕ್ಕಾ, ನಾನಽ ಜೋರ ದಬ್ಬಿದ್ದು."

"ಯಾಕ ದಬ್ಬಿದಿ ಅಂತ ನಂಗೂ ಗೊತ್ತಿತ್ತು. ಅದಕ್ಕಽ ಬಿಡು ಅನ್ನಲಿಲ್ಲ" ಎಂದು ಕೌದಿಯನ್ನು ನನ್ನ ಕೈಗಿಟ್ಟಳು. ಆ ಕೌದಿಯ ತುಂಬಾ ಉಣ್ಣೆಯ ವಾಸನೆಯಿತ್ತು.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಕುರಿ ಹೆಚ್ಚಾಗಿದ್ದವು, ತಂದೆಗೆ ಅವಳ ಕಾಲು ಬೇಕಾಗಿತ್ತು. ಬರಬರುತ್ತಾ ಆ ಗಂಟೆಗಳೂ ನಮ್ಮ ಹಾದಿ ಬಿಟ್ಟವು.

ಈಗ ಜತ್ತದಲ್ಲಿ ನನ್ನ ಮೊಮ್ಮಗಳು ದಿನಾ ಬೆಳಿಗ್ಗೆ ಓಡುತ್ತಾಳೆ. ಓಡುವ ಮುಂಚೆ ಕಾಲುಗಂಟೆ ಬರೀ ನಡೆಯುತ್ತಾಳೆ. ಕೇಳಿದರೆ, "ಆಯಿ, ಮೊದಲ ಮೈ ಬಿಸಿ ಆಗಬೇಕು. ತಣ್ಣನ ನರ ಎಳದ್ರ ಪೆಟ್ಟು ತಪ್ಪತೈತಿ ಅಂತ ಏನಿಲ್ಲ ಅಂತಾರ ನಮ್ಮ ಸರ್" ಎನ್ನುತ್ತಾಳೆ. ಕುರಿಗಳ ಹಿಂದೆ ನಡೆದು ಮೈ ಬಿಸಿಯಾದ ಮೇಲೆ ಓಡುವುದು, ಬಾಯಕ್ಕ ದಿನಾ ಮಾಡುತ್ತಿದ್ದುದೇ ಅದು. ಒಂದೇ ಒಂದು ದಿನ ನಾವು ಪ್ರೀತಿಯಿಂದ ಅವಳಿಗೆ ಕೌದಿ ಹೊದಿಸಿ ಕೂರಿಸಿದೆವು. ಕಾಲು ಕೆಟ್ಟದ್ದು ಗಾಡಿಯಿಂದಲೋ, ನನ್ನ ಕೈಯಿಂದಲೋ, ನಿಜವಾಗಿಯೂ ಕಲ್ಲೇ ಇತ್ತೋ, ಇನ್ನು ಯಾರನ್ನು ಕೇಳಲಿ?

ಮೊನ್ನೆ ಓಡಿ ಬಂದವಳು ಅಂಗಳದಲ್ಲಿ ಕಾಲು ಚಾಚಿ ಕೂತು, "ಆಯಿ, ಬೆನ್ನ ಸ್ವಲ್ಪ ದಬ್ಬು" ಎಂದಳು. ಅವಳ ಮೈಯಿಂದ ಬೆಚ್ಚನೆಯ ಹಬೆ ಏಳುತ್ತಿತ್ತು. ನಾನು ಎರಡೂ ಕೈ ಅವಳ ಬೆನ್ನ ಮೇಲಿಟ್ಟೆ. ಹದಿನೈದರವರೆಗೆ ಎಣಿಸಿದೆ. ದಬ್ಬಲಿಲ್ಲ.