ಖಾನೆಗೊಂದು ರೊಟ್ಟಿ

ನನಗೊಂದು ಚಟವಿದೆ. ಹೇಳಿಕೊಂಡರೆ ಯಾರೂ ಅದನ್ನು ಚಟವೆಂದು ಒಪ್ಪುವುದಿಲ್ಲ, ಅದೇ ತೊಂದರೆ. ನಾನು ಎಲ್ಲವನ್ನೂ ಜೋಡಿಸಿಡುತ್ತೇನೆ. ಡಬ್ಬಿಗಳು ಎತ್ತರದ ಪ್ರಕಾರ, ಸೀರೆಗಳು ಬಣ್ಣದ ಪ್ರಕಾರ, ಬಂಧುಗಳ ಫೋನ್ ನಂಬರುಗಳು ಅಕ್ಷರದ ಪ್ರಕಾರ. ಇದು ಕಾನ್ವೆಂಟಿನ ಸಿಸ್ಟರುಗಳು ಹಚ್ಚಿದ ಗೀಳು. ಅಲ್ಲಿ ಹಾಜರಿಯಿಂದ ಹಿಡಿದು ಪ್ರಾರ್ಥನೆಗೆ ನಿಲ್ಲುವ ಸಾಲಿನವರೆಗೆ ಎಲ್ಲವೂ ಅಕ್ಷರಮಾಲೆಯ ಕ್ರಮದಲ್ಲೇ ನಡೆಯುತ್ತಿತ್ತು. ದೇವರೂ ನಮ್ಮ ಬೇಡಿಕೆಗಳನ್ನು ಅದೇ ಕ್ರಮದಲ್ಲಿ ಕೇಳಿಸಿಕೊಳ್ಳುತ್ತಾನೆಂದು ಬಹಳ ದಿನ ನಂಬಿದ್ದೆ. ಶಹಾಬಜಾರದ ಓಣಿಯ ಈ ಹಳೆಯ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯವರು ನನ್ನ ಅಡುಗೆ ಉಂಡು ಸುಮ್ಮನಾದರು. ನನ್ನ ಕಪಾಟು ನೋಡಿ ನಾಲ್ಕು ಮನೆಗೆ ಹೇಳಿ ಬಂದರು. ನಾನು ಎಚ್ಚರಾಗಬೇಕಿದ್ದದ್ದು ಆಗಲೇ.

ಈ ಚಟದ ಖ್ಯಾತಿ ಕಮಲಾಪುರದವರೆಗೂ ಹಬ್ಬಿದೆ. ಅಲ್ಲಿರುವ ನನ್ನ ಹಿರಿಯ ನೆಗೆಣ್ಣಿ ಶಾಂತಕ್ಕ ಜೋಳದ ರೊಟ್ಟಿ ಮಾಡುವ ಮೂವತ್ತೈದು ಹೆಂಗಸರ ಒಂದು ಗುಂಪು ಕಟ್ಟಿದ್ದಾಳೆ. ಕುಸನೂರ ಕಡೆಯ ಒಂದು ಹಾಸ್ಟೆಲಿನ ಮೆಸ್ಸಿಗೆ ದಿನಾಲು ರೊಟ್ಟಿ ಬೇಕಾಗಿತ್ತು. ಹನ್ನೆರಡು ಕೈ ಸಾಕು, ಆದರೆ ಎಲ್ಲರ ರೊಟ್ಟಿಯ ಫೋಟೊ ಒಂದು ಆನ್‌ಲೈನ್ ಶೀಟಿನಲ್ಲಿ ಹಾಕಿ ಕಳಿಸಿರಿ, ನೋಡಿ ಆರಿಸುತ್ತೇನೆ ಎಂದಿದ್ದರು ಮೆಸ್ಸಿನ ಮ್ಯಾನೇಜರು. ಶೀಟು ಎಂದೊಡನೆ ಶಾಂತಕ್ಕನಿಗೆ ನೆನಪಾದದ್ದು ಹಾಸಿಗೆ, ಅದರ ಮರುಕ್ಷಣ ನಾನು.

ಕೆಲಸ ಒಪ್ಪಿಕೊಂಡ ಮೇಲೆ ಒಮ್ಮೆ ಕಮಲಾಪುರಕ್ಕೆ ಹೋಗಿದ್ದೆ. ಊರ ಕೊನೆಯ ಮನೆ ಅಂಬವ್ವನದು. ರೊಟ್ಟಿ ಬಡಿಯುವಾಗ ಆಕೆಯ ಕೈ ಕಾಣುವುದಿಲ್ಲ, ಬಳೆಗಳಷ್ಟೇ ಕಾಣುತ್ತವೆ. ಆದರೆ ಏಳುವಾಗ ಗೋಡೆ ಹಿಡಿಯುತ್ತಾಳೆ, ಮೊಣಕಾಲು ನೋವು. "ಮೆಸ್ಸಿನ ಕೆಲಸ ಸಿಕ್ಕೇ ಸಿಗತದಂತ ಈ ವರ್ಷ ತೊಗರಿ ಕೊಯ್ಲಿಕ್ಕಿ ಬರಂಗಿಲ್ಲ ಅಂತ ಗೌಡರಿಗಿ ಹೇಳಿಬಿಟ್ಟೀನ್ರಿ ಅಕ್ಕೋರ," ಎಂದಳು. "ಕುಂತು ಬಡೀತೀನಿ. ಬಗ್ಗೂದು ಇನ್ನ ಆಗಂಗಿಲ್ಲ." ಪಟ್ಟಿಗೆ ಹೆಸರು ಹಚ್ಚುವ ಮೊದಲೇ ಹೊಲ ಬಿಟ್ಟವಳನ್ನು ನೋಡಿ ನನಗೆ ಅಳುಕಾಯಿತು. ಆಕೆಗೆ ಇರಲಿಲ್ಲ. ಆಕೆಯ ರೊಟ್ಟಿ ನೋಡಿದವರಿಗೂ ಇರುವುದಿಲ್ಲ.

ಶೀಟಿನಲ್ಲಿ ಚಿತ್ರ ಸೇರಿಸುವುದನ್ನು ನಾನು ಒಬ್ಬಳೇ ಕಲಿತೆ, ಆದ್ದರಿಂದ ತಪ್ಪಾಗಿ ಕಲಿತೆ. ಅಲ್ಲಿ ಎರಡು ದಾರಿಗಳಿವೆ: ಚಿತ್ರವನ್ನು ಖಾನೆಯ, ಅಂದರೆ ಶೀಟಿನ ಒಂದು ಚೌಕದ, ಒಳಗಿಡುವುದು, ಇಲ್ಲವೇ ಖಾನೆಯ ಮೇಲಿಡುವುದು. ಮೇಲಿಟ್ಟರೆ ಮೂಲೆ ಹಿಡಿದು ಎಳೆದು ಬೇಕಾದ ಅಳತೆಗೆ ತರಬಹುದು, ಅತ್ತಿತ್ತ ಸರಿಸಿ ನೇರ ಮಾಡಬಹುದು. ನನ್ನಂಥವಳಿಗೆ ಇದಕ್ಕಿಂತ ಸುಖ ಬೇರೆ ಏನಿದೆ? ಮೊದಲ ಸಾಲಿನಲ್ಲಿ ಪರೀಕ್ಷೆಗೆಂದು ನನ್ನದೇ ರೊಟ್ಟಿಯ ಫೋಟೊ ಇಟ್ಟು ಪಕ್ಕದಲ್ಲಿ ಹೇಮಾ ಎಂದು ಬರೆದೆ. ಸರಿಯಾಗಿ ಕೂತಿತು. ತೆಗೆಯುವುದು ಮರೆತೆ.

ಆಮೇಲೆ ಶಾಂತಕ್ಕ ದಿನಕ್ಕೆ ನಾಲ್ಕೈದು ಮನೆ ತಿರುಗಿ ಫೋಟೊ ಕಳಿಸುವುದು, ಹಿಂದೆಯೇ ಫೋನ್ ಮಾಡಿ ಇದು ಇಂಥವರದು ಎಂದು ಹೇಳುವುದು, ನಾನು ಒಂದೊಂದನ್ನೇ ತಂದು ಸಾಲಿನ ಮೇಲೆ ಕೂಡಿಸುವುದು. ಒಂದು ಚಿತ್ರಕ್ಕೆ ಒಂದು ಪಾವು ಅಕ್ಕಿ ಆರಿಸುವಷ್ಟು ಹೊತ್ತು. ದಿನದ ಕೆಲಸ ಮುಗಿದಾಗ ನನ್ನೊಳಗಿನ ಸಿಸ್ಟರು ಏಳುತ್ತಿದ್ದರು. ಹೆಸರುಗಳು ಹೀಗೆ ಚೆಲ್ಲಾಪಿಲ್ಲಿ ಇದ್ದರೆ ಹೇಗೆ? ಒಂದು ಗುಂಡಿ ಒತ್ತಿದರೆ ಹೆಸರುಗಳೆಲ್ಲ ಅ ದಿಂದ ಹ ವರೆಗೆ ಸಾಲಾಗಿ ನಿಲ್ಲುತ್ತಿದ್ದವು. ನಾನು ತೃಪ್ತಿಯಿಂದ ಚಹಾ ಕುಡಿಯುತ್ತಿದ್ದೆ.

ಖಾನೆಯ ಮೇಲಿಟ್ಟ ಚಿತ್ರ ಖಾನೆಗೆ ಸೇರಿದ್ದಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅದು ತಾವರೆ ಎಲೆಯ ಮೇಲಿನ ನೀರು. ಹೆಸರುಗಳು ಎದ್ದು ತಮ್ಮ ತಮ್ಮ ಜಾಗಕ್ಕೆ ನಡೆದಾಗ ರೊಟ್ಟಿಗಳು ಮಾತ್ರ ಇದ್ದಲ್ಲೇ ಇದ್ದವು. ಪ್ರತಿ ಸಂಜೆ ಹೀಗೆ ಹೆಸರುಗಳನ್ನು ಎಬ್ಬಿಸಿ ನಡೆಸಿದ್ದೇನೆ. ಕಣ್ಣಿಗೆ ಹೇಗೆ ಬೀಳಬೇಕು? ನಾನು ಕುಗ್ಗಿಸಿಟ್ಟ ಅಳತೆಗೆ ಮೂವತ್ತಾರೂ ದುಂಡಗೆ, ಮೂವತ್ತಾರೂ ಬೆಳ್ಳಗೆ, ಹಣೆಯ ಟಿಕಳಿಯಷ್ಟೇ ಇದ್ದವು.

ಶೀಟು ಕಳಿಸಿ ನಾಲ್ಕನೆಯ ದಿನ ಹನ್ನೆರಡು ಹೆಸರುಗಳ ಪಟ್ಟಿ ಬಂತು. ಅದರಲ್ಲಿ ಅಂಬವ್ವ ಇರಲಿಲ್ಲ. ನಾನಿದ್ದೆ.

ನಿಜ ಹೇಳುತ್ತೇನೆ, ಒಂದು ಗಳಿಗೆ ಖುಷಿಯಾಯಿತು. ಇಷ್ಟು ವರ್ಷ ಈ ಮನೆಯಲ್ಲಿ ಯಾರೂ ಗುರುತಿಸದ ಪ್ರತಿಭೆಯನ್ನು ಹೊರಗಿನವರು ಗುರುತಿಸಿದರಲ್ಲ ಎಂದು ಪಟ್ಟಿಯನ್ನು ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಮತ್ತೆ ಓದಿದರು.

"ನಿನ್ನ ರೊಟ್ಟಿ? ಆರಿಸ್ಯಾರ?" ಎಂದರು. "ಶೀಟಿನಾಗ ಏನೋ ತಪ್ಪಾಗ್ಯದ, ತೆಗೆದು ನೋಡು."

ಗಂಡಂದಿರ ಇಂಥ ಮಾತಿಗೆ ಸಿಟ್ಟು ಬರಬೇಕು. ಬರುವ ಮೊದಲೇ ಶೀಟು ತೆಗೆದಿದ್ದೆ. ಮೊದಲ ಸಾಲಿನಲ್ಲಿ ಅಂಬವ್ವನ ಹೆಸರು, ಪಕ್ಕದಲ್ಲಿ ನನ್ನ ರೊಟ್ಟಿ. ಕೊನೆಯ ಸಾಲಿನಲ್ಲಿ ನನ್ನ ಹೆಸರು, ಪಕ್ಕದಲ್ಲಿ ಹುಣ್ಣಿಮೆಯಂಥದೊಂದು ರೊಟ್ಟಿ. ಅಂಬವ್ವನದು ಕೊನೆಯ ಮನೆ, ಆಕೆಯ ಫೋಟೊ ಕೊನೆಗೆ ಬಂತು, ಕೊನೆಯ ಸಾಲಿನಲ್ಲಿ ಕೂತಿತು. ಆ ಸಂಜೆ ನಾನು ಗುಂಡಿ ಒತ್ತಿದಾಗ ಅ ಅಕ್ಷರದ ಅಂಬವ್ವ ಮೇಲೆ ಹೋದಳು, ಹ ಅಕ್ಷರದ ನಾನು ಕೆಳಗಿಳಿದೆ. ಮಧ್ಯದವರ ಗತಿ ದೇವರೇ ಬಲ್ಲ.

ಮ್ಯಾನೇಜರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ, ಪುಣ್ಯಾತ್ಮರು. ನಾನು ಆರಿಸಿದ್ದು ರೊಟ್ಟಿಯನ್ನು, ಹೆಸರನ್ನಲ್ಲ; ಯಾವುದು ಯಾರದೆಂದು ಸೋಮವಾರದೊಳಗೆ ಹೇಳಿರಿ, ಇಲ್ಲದಿದ್ದರೆ ಬೇರೆ ಊರಿನವರನ್ನು ನೋಡುತ್ತೇನೆ ಎಂದರು. ಅಂದು ಶುಕ್ರವಾರ. ಶಾಂತಕ್ಕನಿಗೆ ಯಾವ ದಿನ ಯಾವ ಮನೆ ಎಂಬುದು ನೆನಪಿರಲಿಲ್ಲ. ನನ್ನ ಫೋನಿನಲ್ಲಿ ಫೋಟೊಗಳಿದ್ದವು, ಹೆಸರಿಲ್ಲದೆ, ಬರೀ ಅಂಕಿಗಳನ್ನು ಹೊತ್ತುಕೊಂಡು.

ಮೇಲ್ಮನೆಯ ರುಖಸಾನಾ ಭಾಭಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ನನ್ನ ಕಥೆ ಕೇಳಿ ಮೊದಲು ಮನಸಾರೆ ನಕ್ಕರು, ಆಮೇಲೆ ಕಲಿಸಿದರು. ಒಂದೊಂದೇ ಚಿತ್ರ ಹೊತ್ತು ತರುವ ಕೂಲಿ ಬೇಕಾಗಿಯೇ ಇಲ್ಲ. ಫೋಟೊಗಳನ್ನೆಲ್ಲ ನೆಟ್ಟಿನ ಮೇಲೆ ಒಂದೇ ಕಡೆ ಇಟ್ಟು, ಯಾರಾದರೂ ನೋಡಬಹುದು ಎಂದು ಬಾಗಿಲು ತೆರೆದಿಡಬೇಕು. ಶೀಟಿನಲ್ಲಿ ಪ್ರತಿ ಹೆಸರಿನ ಪಕ್ಕ ಆಯಾ ಫೋಟೊದ ಲಿಂಕು. ಅದರ ಪಕ್ಕದ ಖಾನೆಯಲ್ಲಿ, ಈ ಲಿಂಕಿನ ಚಿತ್ರ ತೋರಿಸು ಎನ್ನುವ ಚಿಕ್ಕ ಫಾರ್ಮುಲಾ. ಒಮ್ಮೆ ಬರೆದು ಮೂಲೆ ಹಿಡಿದು ಕೆಳಗೆ ಎಳೆದರೆ ಮೂವತ್ತಾರು ಖಾನೆಗಳೂ ತುಂಬುತ್ತವೆ. ಎಂಟು ದಿನದ ನನ್ನ ತಪಸ್ಸು ಒಂದು ಎಳೆತಕ್ಕೆ ಮುಗಿಯಿತು. ಚಿತ್ರ ಖಾನೆಯ ಒಳಗೇ ಇರುವುದರಿಂದ ಹೆಸರು ಎಲ್ಲಿ ಹೋದರೂ ರೊಟ್ಟಿ ಬೆನ್ನು ಹತ್ತುತ್ತದೆ. "ಲೇಕಿನ್ ಹೇಮಾ, ಯಾವ ಲಿಂಕ್ ಯಾರ್ದು ಅಂತ ಕಂಪ್ಯೂಟರ್ ಹೇಳಲ್ಲ ನೋಡು," ಎಂದರು ಭಾಭಿ. "ಅದಕ್ಕ ಊರಿಗೇ ಹೋಗ್ಬೇಕು."

ಭಾನುವಾರ ಲ್ಯಾಪ್‌ಟಾಪು ಹೊತ್ತು ಕಮಲಾಪುರದ ಬಸ್ಸು ಹತ್ತಿದೆ. ಒಂದೇ ಥರದ ಮೂವತ್ತೈದು ರೊಟ್ಟಿ ತೋರಿಸಿ ನಿಮ್ಮದು ಯಾವುದು ಎಂದು ಹೇಗೆ ಕೇಳುವುದು? ಹಾಲು ತೋರಿಸಿ ಯಾವ ಎಮ್ಮೆಯದು ಎಂದು ಕೇಳಿದಂತೆ ಅಲ್ಲವೇ ಎಂದು ದಾರಿಯುದ್ದಕ್ಕೂ ಚಿಂತೆ.

ಶಾಂತಕ್ಕನ ಅಂಗಳದಲ್ಲಿ ಹೆಂಗಸರು ಸೇರಿದರು. ಅಂಬವ್ವ ಗೋಡೆಗೊರಗಿ ಕೂತಿದ್ದಳು. ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂದು ಕೇಳಿ ಗೌಡರ ಮನೆಗೆ ಹೋಗಿ ಮತ್ತೆ ಕೊಯ್ಲಿಗೆ ಬರುತ್ತೇನೆಂದು ಹೇಳಿ ಬಂದಿದ್ದಳಂತೆ. ಶಾಂತಕ್ಕ ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಆಕೆಯ ಮುಖ ನೋಡಲಾಗಲಿಲ್ಲ.

ಪರದೆಯ ಮೇಲೆ ಮೊದಲ ಫೋಟೊ ದೊಡ್ಡದಾಗಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಎರಡು ದನಿಗಳು ಒಟ್ಟಿಗೆ ಹೇಳಿದವು, ಇದು ಸುಗಲಾಬಾಯಿದು, ಆಕಿ ನೀರು ಸವರಿದ ಗೆರಿ ನೋಡ್ರಿ ಎಂದು. ಎರಡನೆಯದು ನೀಲಮ್ಮನದು, ಆಕೆ ಎಡಗೈಯವಳಾದ್ದರಿಂದ ಬೆರಳಿನ ಗುರುತುಗಳು ಆ ಕಡೆ ವಾಲುತ್ತವೆ. ಮೂರನೆಯದು ಯಾರದೆಂದು ಚರ್ಚೆಯೇ ಆಗಲಿಲ್ಲ, ಹಂಚು ಸೀಳಿದ ಗುರುತು ರೊಟ್ಟಿಯ ಬೆನ್ನ ಮೇಲಿತ್ತು. ಹೊಸ ಹಂಚು ಕೊಡಿಸದ ಆಕೆಯ ಗಂಡನಿಗೂ ಅಲ್ಲೇ ಮಂಗಳಾರತಿಯಾಯಿತು. ಹಳೆಯ ಕೋಟೆಗಳ ಕಲ್ಲಿನ ಮೇಲೆ ಕಲ್ಲುಕುಟಿಗರು ತಮ್ಮ ತಮ್ಮ ಗುರುತು ಕೊರೆಯುತ್ತಿದ್ದರಂತೆ. ನಾವು ಕೊಡ ತಂಬಿಗೆಗಳ ಮೇಲೆ ಹೆಸರು ಹಾಕಿಸುತ್ತೇವೆ. ಇವರು ಹಿಟ್ಟಿನ ಮೇಲೆ ಸಹಿ ಹಾಕುತ್ತಾರೆ, ತಾವು ಸಹಿ ಹಾಕುತ್ತಿದ್ದೇವೆಂದು ತಿಳಿಯದೆ. ಆ ಸಹಿಯನ್ನು ನಾವು ಮುಳಗಾಯಿ ಪಲ್ಯದ ಜೊತೆ ಓದದೆಯೇ ನುಂಗುತ್ತೇವೆ. ನನ್ನ ಕಣ್ಣಿಗೆ ಒಂದೇ ಆಗಿದ್ದ ರೊಟ್ಟಿಗಳು ಮೂವತ್ತೈದು ಜನರಾಗಿ ನನ್ನ ಮುಂದೆ ಕೂತವು. ನಾನು ಲಿಂಕಿನ ಪಕ್ಕ ಹೆಸರು ಬರೆಯುತ್ತ ಹೋದೆ, ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಹುಣ್ಣಿಮೆಯಂಥದು ಬಂದಾಗ ಎಲ್ಲರೂ ಅಂಬವ್ವನ ಕಡೆ ನೋಡಿದರು. ಆಕೆ ಗೋಡೆ ಹಿಡಿದು ಎದ್ದು ಬಂದು, ಅಂಚಿನ ಒಂದು ಸಣ್ಣ ಚಂದ್ರಾಕಾರದ ಗುರುತಿನ ಮೇಲೆ ಬೆರಳಿಟ್ಟಳು. "ನನ್ನ ಕೈಬಳಿ ತಾಗತದ್ರಿ ಅಲ್ಲಿ, ದಿನಾ ತಾಗತದ."

ಮ್ಯಾನೇಜರು ಆರಿಸಿದ್ದು ಇದೇ ರೊಟ್ಟಿ ಎಂದೆ. ಆಕೆ ಸೆರಗಿನಿಂದ ಪರದೆ ಒರೆಸಿದಳು, ಅದು ಸ್ವಚ್ಛವಾಗಿಯೇ ಇತ್ತು.

ಇನ್ನು ಉಳಿದದ್ದು ಒಂದು. ಅವಸರದಲ್ಲಿ ಲ್ಯಾಪ್‌ಟಾಪು ಮುಚ್ಚಲು ಹೋದೆ, ತಡವಾಯಿತು. ಮೂವತ್ತಾರನೆಯ ಫೋಟೊ ಪರದೆ ತುಂಬ ನಿಂತಿತು. ದಪ್ಪ, ನಡುವೆ ಬಿರುಕು, ಅಲ್ಲಲ್ಲಿ ಕರಿ. ಆದರೆ ದುಂಡು ಮಾತ್ರ ಕೈವಾರ ಹಿಡಿದು ಎಳೆದ ಹಾಗೆ. ಇದು ನಮ್ಮೂರಿನದಲ್ಲ ಎಂದರು ಕೆಲವರು. ಅಂಬವ್ವ ಕತ್ತು ಚಾಚಿ ನೋಡಿದಳು, ನನ್ನನ್ನು ನೋಡಿದಳು.

"ಡಬ್ಬಿ ಮುಚ್ಚಳ ಇಟ್ಟು ಕೊಯ್ದೀರೇನ್ರಿ ಅಕ್ಕೋರ?"

ಕೊಯ್ದಿದ್ದೆ. ಅಂಚು ಸೊಟ್ಟಗಿದ್ದರೆ ಸಿಸ್ಟರಿಗೆ ಸೇರುತ್ತಿರಲಿಲ್ಲ. ಮೂವತ್ತೈದು ಜನ ನಕ್ಕ ನಗೆಗೆ ಶಾಂತಕ್ಕನ ಮನೆಯ ಪಾರಿವಾಳಗಳು ಹಾರಿದವು. ಇದನ್ನು ಈಗಲೇ ಅಳಿಸುತ್ತೇನೆ ಎಂದೆ.

"ತೆಗೀಬ್ಯಾಡ್ರಿ, ಇರ್ಲಿ," ಎಂದಳು ಅಂಬವ್ವ. "ಅದೊಂದು ಇದ್ರನೇ ನಮ್ಮವು ಚಂದ ಕಾಣತಾವ."

ಅಲ್ಲಿಯೇ ಫಾರ್ಮುಲಾ ಬರೆದು ಕೆಳಗೆ ಎಳೆದೆ. ಆಮೇಲೆ ಎಲ್ಲರ ಎದುರು ಆ ಹಳೆಯ ಗುಂಡಿ ಒತ್ತಿದೆ. ಹೆಸರುಗಳು ಎದ್ದು ನಡೆದವು, ರೊಟ್ಟಿಗಳೂ ಎದ್ದು ನಡೆದವು. ಅಂಬವ್ವ ತನ್ನ ಹುಣ್ಣಿಮೆಯನ್ನು ಹಿಡಿದು ಮೊದಲ ಸಾಲಿಗೆ ಹೋದಳು. ಶೀಟನ್ನು ಅಲ್ಲಿಂದಲೇ ಮ್ಯಾನೇಜರಿಗೆ ಕಳಿಸಿ, ಗೌಡರಿಗೆ ಎರಡನೆಯ ಸಲ ಇಲ್ಲ ಎನ್ನಲು ಶಾಂತಕ್ಕನನ್ನು ಕಳಿಸಿದೆವು. ನಾನು ಕೊನೆಯ ಸಾಲಿಗೆ ಬಂದೆ. ಕರಿ ಹಿಡಿದ, ಅಂಚು ಕೊಯ್ದ ನನ್ನ ರೊಟ್ಟಿ ಈ ಸಲ ನನ್ನನ್ನು ಬಿಟ್ಟು ಎಲ್ಲಿಗೂ ಹೋಗದೆ ಪಕ್ಕದಲ್ಲಿ ಬಂದು ಕೂತಿತು. ಇನ್ನೂ ಅಲ್ಲೇ ಇದೆ. ನಾನೂ ತೆಗೆದಿಲ್ಲ.