ಸಂಜೆ ತುಂಬಿದ ಗಾಳಿ

ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುವುದೂ ಒಂದು ವಿದ್ಯೆ. ಉಳಿದ ವಿದ್ಯೆಗಳನ್ನು ಜನ ಗುರುಮುಖದಿಂದ ಕಲಿಯುತ್ತಾರೆ; ಇದನ್ನು ನಾನು ಅವಮಾನದ ಮುಖಾಂತರ ಕಲಿತೆ.

ಯುದ್ಧ ನಡೆಯುತ್ತಿದ್ದ ಕಾಲ. ಮದ್ದೂರಿನ ಆಚೆ, ವೈದ್ಯನಾಥಪುರದ ಮಗ್ಗುಲಿನ ಹಳ್ಳಿ ನಮ್ಮದು. ಮಳವಳ್ಳಿ ರಸ್ತೆಯಲ್ಲಿ, ಕಾರ್ಖಾನೆಗೆ ಹೋಗುವ ಕಬ್ಬನ್ನು ತೂಗುವ ಒಂದು ಕಟ್ಟೆಯಲ್ಲಿ ನನಗೆ ಹಂಗಾಮಿ ಗುಮಾಸ್ತನ ಕೆಲಸ ಸಿಕ್ಕಿತ್ತು. ನಮ್ಮ ವಂಶದಲ್ಲಿ ಅದುವರೆಗೆ ಕಬ್ಬು ಬೆಳೆದವರಿದ್ದರು, ಕಡಿದವರಿದ್ದರು, ಕದ್ದು ತಿಂದವರಂತೂ ಧಾರಾಳವಾಗಿದ್ದರು. ಕುರ್ಚಿಯ ಮೇಲೆ ಕುಳಿತು ತೂಗಿದವನು ನಾನೇ ಮೊದಲಿಗ. ನಸುಕಿನಲ್ಲೇ ಗಾಡಿಗಳು ಸಾಲುಗಟ್ಟುತ್ತಿದ್ದವು. ಹೊತ್ತು ಹುಟ್ಟುವಾಗ ತೂಕ ಶುರುವಾಗಬೇಕು. ತಡವಾದರೆ ಕಬ್ಬು ಒಣಗುತ್ತದೆ, ಒಣಗಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ರೈತನ ದನಿ ಏರುತ್ತದೆ.

ಅಷ್ಟು ಬೇಗ ಅಷ್ಟು ದೂರ ಹೋಗಬೇಕಲ್ಲ ಎಂದು ಅಪ್ಪ, ಮದ್ದೂರಿನಿಂದ ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿಯ ಹಳೆಯ ಸೈಕಲ್ಲನ್ನು ಕೊಂಡು ತಂದ. ಎತ್ತು ಕೊಳ್ಳುವವನ ಗಾಂಭೀರ್ಯದಿಂದಲೇ ಅದರ ಸುತ್ತ ಸುತ್ತು ಬಂದು, ಸೀಟು ತಟ್ಟಿ, ಮುಂದಿನ ಚಕ್ರ ಎತ್ತಿ ನೋಡಿ ವ್ಯಾಪಾರ ಕುದುರಿಸಿದನಂತೆ. ಅದರ ಜೊತೆಗೆ, ನೆಲದ ಮೇಲೆ ನಿಲ್ಲಿಸಿ ಪಾದದಲ್ಲಿ ಮೆಟ್ಟಿಕೊಂಡು ಹೊಡೆಯುವ ಒಂದು ಉದ್ದನೆಯ ಪಂಪೂ ಬಂತು. ಅವ್ವ ಅರಿಶಿನ ಕುಂಕುಮ ಇಟ್ಟಳು. ಸೈಕಲ್ಲಿಗೆ ಕೊಟ್ಟಿಗೆಯಲ್ಲಿ, ಎತ್ತುಗಳ ಪಕ್ಕದಲ್ಲಿ, ಖಾಯಂ ಜಾಗ ಸಿಕ್ಕಿತು. ಮನೆಯಲ್ಲಿ ಖಾಯಂ ಆದದ್ದು ಅದೊಂದೇ; ನಾನಿನ್ನೂ ಹಂಗಾಮಿ.

ಬೆಳಗಿನ ಜಾವ ಕತ್ತಲಲ್ಲಿ ತಡಕಾಡಬಾರದೆಂದು ನಾನು ಸಂಜೆಯೇ ಗಾಳಿ ತುಂಬಿ ಇಡುತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಚಕ್ರಗಳು ಸೊಪ್ಪಾಗಿ ನೆಲಕ್ಕಂಟಿರುತ್ತಿದ್ದವು. ಮೊದಲ ದಿನ ಹೌಹಾರಿದೆ. ಎರಡನೆಯ ದಿನ ಟ್ಯೂಬು ಬಿಚ್ಚಿ ದನ ನೀರು ಕುಡಿಯುವ ಬಾನಿಯಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದ ವಾಲ್‌ಟ್ಯೂಬಿನ ರಬ್ಬರನ್ನು ನೋಡಿದೆ, ಅದೂ ಗಟ್ಟಿಯಾಗಿತ್ತು. ನಟ್ಟು ಬಿಗಿಯಾಗಿಯೇ ಇತ್ತು. ತೂತಿಲ್ಲದ ಟ್ಯೂಬಿನಿಂದ ಗಾಳಿ ಹೋಗುವುದೆಂದರೆ ಮುಚ್ಚಿದ ಕಣಜದಿಂದ ರಾಗಿ ಹೋದಂತೆ. ಅವ್ವ ಇದು ದೃಷ್ಟಿ ಎಂದು ತೀರ್ಮಾನಿಸಿ ಹ್ಯಾಂಡಲಿಗೆ ಮೆಣಸಿನಕಾಯಿ ಕಟ್ಟಿದಳು. ಗಾಳಿ ಮೆಣಸಿನಕಾಯಿಗೂ ಹೆದರಲಿಲ್ಲ.

ತಪ್ಪು ನನ್ನ ಹೊಡೆತದಲ್ಲೇ ಇರಬೇಕು, ಗಾಳಿ ಒಳಕ್ಕೆ ಹೋಗುತ್ತಿದೆಯೇ ಹೊರತು ನೆಲೆ ನಿಲ್ಲುತ್ತಿಲ್ಲ ಎಂಬ ಸಿದ್ಧಾಂತಕ್ಕೆ ನಾನು ಬಂದೆ. ಆಗ ನಾನು ಎಲ್ಲರಂತೆ ಬೆನ್ನು ಗೂನು ಮಾಡಿಕೊಂಡು, ಬರೀ ತೋಳಿನ ಬಲದಲ್ಲಿ, ಕೋಳಿ ಕಾಳು ಕುಕ್ಕಿದ ಹಾಗೆ ಹೊಡೆಯುತ್ತಿದ್ದೆ. ಒಂದು ಸಂಜೆ ಅವ್ವ ನೋಡುವಷ್ಟು ನೋಡಿ ಹೇಳಿದಳು:

"ಅದೇನ್ಲಾ, ಇಲಿ ಬಡಿಯೋನಂಗೆ ಬಡೀತಿದ್ದೀಯ? ರಟ್ಟೇಲಿ ಅಲ್ಲ ಕಣ್ಲಾ, ಮೈಬಾರ ಬುಡ್ಬೇಕು. ಕೊಡಿಲ್ಲಿ."

ಒನಕೆ ಹಿಡಿದ ಕೈ ಅದು. ಪಂಪಿನ ಹಿಡಿಯನ್ನು ಹಿಡಿದು ಒಂದೇ ಸಲಕ್ಕೆ ಮೇಲೆತ್ತಿದಳು. ಬುಡವನ್ನು ಮೆಟ್ಟಿಕೊಳ್ಳಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲವಾದ್ದರಿಂದ ಇಡೀ ಪಂಪೇ ಮೇಲೆದ್ದು ಬಂತು. ಅದಕ್ಕೆ ಕಟ್ಟಿದ ಕೊಳವೆ ಸೈಕಲ್ಲನ್ನು ಎಳೆದುಕೊಂಡು ಬಂದು ಅವಳ ಮೇಲೆಯೇ ಒರಗಿಸಿತು. "ಊ, ಒನಕೆ ಆದ್ರೆ ಇಂಗೆ ಮೈಮೇಲೆ ಬೀಳಾಕಿಲ್ಲ" ಎಂದು ಬೈದು ಒಳಗೆ ಹೋದಳು.

ಆದರೆ ಮಾತು ಸರಿಯಾಗಿತ್ತು. ಅವಳು ಹೇಳಿದ ಮೈಭಾರದ ಜೊತೆಗೆ ಬುಡ ಮೆಟ್ಟುವ ನನ್ನ ಪಾದವನ್ನೂ ಸೇರಿಸಿ ನಾನೊಂದು ಕ್ರಮ ಕಂಡುಕೊಂಡೆ. ಎರಡೂ ಪಾದ ಬುಡದ ಮೇಲೆ. ಹಿಡಿಯನ್ನು ತುದಿ ಮುಟ್ಟುವವರೆಗೆ ಎತ್ತುವುದು. ಮೊಣಕೈ ಮಡಿಸದೆ, ಸೊಂಟದಿಂದ ಬಗ್ಗಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ತಳ ಮುಟ್ಟುವವರೆಗೆ ಇಳಿಸುವುದು. ತಳದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆಯುವುದು. ಅರ್ಧಂಬರ್ಧ ಹೊಡೆತ ಗಾಳಿಯನ್ನು ಪಂಪಿನೊಳಗೇ ಹಿಂಡಿ ಬಿಸಿ ಮಾಡುತ್ತದೆ, ರಬ್ಬರನ್ನು ದಾಟಿಸುವುದಿಲ್ಲ. ಒಳಗಿನ ಚರ್ಮದ ವಾಷರು ಒಣಗಿದ್ದರೆ ಎರಡು ತೊಟ್ಟು ಹರಳೆಣ್ಣೆ. ಹೀಗೆ ಹೊಡೆದರೆ ಮೊದಲಿನ ಅರ್ಧ ಶ್ರಮಕ್ಕೆ ಚಕ್ರ ತೆಂಗಿನಕಾಯಿಯಂತೆ ಗಟ್ಟಿಯಾಗುತ್ತಿತ್ತು. ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ನನಗೆ ನಾನೇ ತಲೆದೂಗಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಚಕ್ರ ಹಿಂದೆಂದಿಗಿಂತ ಚಪ್ಪಟೆ! ವಿದ್ಯೆ ಹೆಚ್ಚಿದಷ್ಟೂ ಗಾಳಿ ಕಡಿಮೆಯಾಗುವ ಶಾಸ್ತ್ರವನ್ನು ನಾನು ಎಲ್ಲೂ ಕೇಳಿರಲಿಲ್ಲ. ಕತ್ತಲಲ್ಲೇ ಅವಸರವಸರವಾಗಿ ಅರ್ಧ ತುಂಬಿಕೊಂಡು, ಎಮ್ಮೆಯ ಮೇಲೆ ಕುಳಿತವನಂತೆ ಓಲಾಡುತ್ತ ಹೊರಟೆ. ಕಟ್ಟೆ ಮುಟ್ಟುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು.

"ಬಂದ್ರಾ ಸಾಮಿ? ಕಬ್ಬು ಸೌದೆ ಆಗಿ ಕುಂತದೆ" ಎಂದ ಮೊದಲ ಗಾಡಿಯವನು.

"ಸುಮ್ಕಿರ್ಲಾ, ಸೈಕಲ್ನ ಒತ್ಕಂಡು ಬಂದವ್ರೆ, ವಸಿ ಸುದಾರಿಸ್ಕಳ್ಲಿ" ಎಂದ ಎರಡನೆಯವನು.

ಮಂಡ್ಯದಿಂದ ಬಂದಿದ್ದ ಮೇಲ್ವಿಚಾರಕರು ನಗಲಿಲ್ಲ. ಕಿಸೆಯ ಗಡಿಯಾರ ತೆಗೆದು ನೋಡಿ, ಅದನ್ನು ಮತ್ತೆ ಕಿಸೆಯೊಳಗಿಟ್ಟರು. "ನೋಡ್ರೀ, ಗಾಳಿಯ ಸಮಾಚಾರ ನನಗೆ ಬೇಡ. ನಾಳೆ ಹೊತ್ತು ಹುಟ್ಟುವಾಗ ಈ ಕುರ್ಚಿಯಲ್ಲಿ ನೀವಿರಬೇಕು. ಇಲ್ಲದಿದ್ದರೆ ಬೇರೆಯವರಿರ್ತಾರೆ."

ಆ ಸಂಜೆ ನಾನು ಗಾಳಿ ತುಂಬಿದ್ದು ಯಜ್ಞ ಮಾಡಿದಂತೆ. ಒಂದು ಹೊಡೆತವೂ ಕ್ರಮ ತಪ್ಪಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕುಳಿತವನಿಗೆ ಪಂಪನ್ನು ಹೊರಗೇ ಬಿಟ್ಟೆನೆಂಬುದು ನೆನಪಾಯಿತು. ಮುದ್ದೆ ಮುರಿದ ಕೈಯಲ್ಲೇ ಎದ್ದು ಬುಡ್ಡಿ ದೀಪ ಹಿಡಿದು ಕೊಟ್ಟಿಗೆಗೆ ಹೋದೆ. ಬಾಗಿಲಲ್ಲೇ "ಬುಸ್" ಎಂಬ ಸದ್ದು ಕೇಳಿ ಜೀವ ಹಾರಿಹೋಯಿತು. ನಾಗರಹಾವೆಂದೇ ತಿಳಿದು ದೀಪ ಎತ್ತಿದೆ. ಹಾವಾಗಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಅಪ್ಪ ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಒಂದು ಕೈ ಸೈಕಲ್ಲಿನ ಸೀಟನ್ನು ಸವರುತ್ತಿತ್ತು. ಇನ್ನೊಂದು ನಟ್ಟು ಸಡಿಲಿಸುತ್ತಿತ್ತು.

"ಅಪ್ಪೋ! ಏನ್ ಮಾಡ್ತಿದ್ದೀಯ?"

"ಬಿಚ್ತಾ ಇವ್ನಿ."

"ಏನ್ ಬಿಚ್ತಾ ಇದ್ದೀಯ?"

"ಇನ್ನೇನ್ಲಾ? ಬೆಳಗಿಂದ ದುಡ್ಕಂಡು ಬಂದಿರೋದ್ನ ರಾತ್ರಿಯೆಲ್ಲ ಬಿಗ್ದೇ ನಿಲ್ಲಿಸ್ತಾರಾ? ಎತ್ತಿನ ಕೊಳ್ಳಿಂದ ನೊಗ ಇಳಿಸಾಕಿಲ್ವಾ? ನೀನು ಇಳಿಸ್ದೆ ಓಯ್ತೀಯ, ನಾನು ಇಳಿಸ್ತೀನಿ. ಯುದ್ದದ ಕಾಲ, ಇನ್ನೊಂದು ಟೈರು ಎಲ್ಲಿ ಸಿಕ್ತದೆ?"

"ದಿನಾನೂವಾ?"

"ದಿನಾ. ಗಾಳಿ ಓದ್ಮೇಲೆ ನಟ್ಟು ತಿರ್ಗಾ ಬಿಗಿದಿಡ್ತೀನಿ. ನೆನ್ನೆಯಿಂದಂತೂ ಕಲ್ಲಿನಂಗೆ ಬಿಗೀತಿದ್ದೀಯ ಕಣ್ಲಾ, ನಿಂಗೆ ಕರುಣೆ ಇಲ್ಲ. ಬಿಚ್ಚಿದ್ರೆ ಎಂಗೆ ನಿಟ್ಟುಸಿರು ಬುಡ್ತದೆ, ಕೇಳು."

ಚಕ್ರ ನಿಜವಾಗಿಯೂ ನಿಟ್ಟುಸಿರು ಬಿಡುತ್ತಿತ್ತು. ನನ್ನ ಕೆಲಸ ಆ ಉಸಿರಿನ ಜೊತೆಗೇ ಹೋಗುತ್ತಿದೆ, ನಾಳೆ ಆ ಕುರ್ಚಿಯಲ್ಲಿ ಇನ್ನೊಬ್ಬನಿರುತ್ತಾನೆ ಎಂದು ನಾನು ಕೂಗಾಡಿದೆ. ಅಪ್ಪ ಜಗ್ಗಲಿಲ್ಲ. ಕೆಲಸ ಹೋದರೆ ಹೊಲವಿದೆ, ಮೂಕಪ್ರಾಣಿಯನ್ನು ಗೋಳು ಹೊಯ್ದುಕೊಳ್ಳುವುದು ಪಾಪ ಎಂಬುದು ಅವನ ಪಕ್ಷ. ಗಲಾಟೆ ಕೇಳಿ ಸೌಟು ಹಿಡಿದೇ ಬಂದ ಅವ್ವ, ಇಬ್ಬರ ಮಾತನ್ನೂ ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ, ಗಾಳಿ ಅದರ ನೊಗ ಅಲ್ಲ ಕಣ್ರೀ, ಮೇವು! ಸಂಜೆ ಈ ನಿಮ್ ಮಗ ಒಟ್ಟೆ ತುಂಬ ಆಕ್ತಾನೆ, ನೀವು ಬಂದು ಕಕ್ಕಿಸ್ತೀರಾ? ಇಷ್ಟು ದಿನವೂ ಉಪಾಸ ಕೆಡವಿದ್ದೀರಲ್ರೀ ಅದನ್ನ!"

ಅಪ್ಪನ ಕೈ ನಟ್ಟಿನ ಮೇಲಿಂದ ಜಾರಿ ಬಿತ್ತು. ನಮ್ಮ ಮನೆಯಲ್ಲಿ ಮನುಷ್ಯರು ಹಸಿದು ಮಲಗಿದರೆ ಅದು ಅವರವರ ಕರ್ಮ. ಕೊಟ್ಟಿಗೆಯಲ್ಲಿ ಕಟ್ಟಿದ್ದು ಹಸಿದು ಮಲಗಿದರೆ ಮನೆಗೆ ಶಾಪ. ಅಪ್ಪ "ಸಿವ್ನೇ, ಅಸ್ಕಂಡು ಮಳವಳ್ಳಿ ರಸ್ತೇಲಿ ಓಡ್ತಿತ್ತಾ ಇದು?" ಎಂದು ಸೈಕಲ್ಲನ್ನೇ ಕೇಳಿದ. ನಾನು ಮತ್ತೆ ಗಾಳಿ ತುಂಬಿದೆ. ಅಪ್ಪ ಪಕ್ಕದಲ್ಲೇ ನಿಂತು, ಪಾದ ಎಲ್ಲಿ, ಸೊಂಟ ಎಲ್ಲಿ, ತಳದಲ್ಲಿ ಎಷ್ಟು ಹೊತ್ತು ತಡೆಯಬೇಕು ಎಂದು ಒಂದೊಂದನ್ನೂ ಕೇಳಿ ತಿಳಿದುಕೊಂಡ. ತಾನು ಮಾತ್ರ ಉಣ್ಣಲಿಲ್ಲ.

ಬೆಳ್ಳಿ ಮೂಡುವ ಹೊತ್ತಿಗೆ ಮನೆಯೇ ಕುಸಿದಂತೆ ಢಮಾರೆಂದು ಸದ್ದಾಯಿತು. ಜಪಾನಿನವರು ಬಾಂಬು ಹಾಕುತ್ತಾರೆಂದು ಮದ್ದೂರಿನಲ್ಲಿ ಮಾತಾಡಿಕೊಳ್ಳುತ್ತಿದ್ದದ್ದನ್ನು ಕೇಳಿದ್ದೆ. ಮೊದಲ ಬಾಂಬಿಗೆ ನಮ್ಮ ಕೊಟ್ಟಿಗೆಯನ್ನೇ ಆರಿಸಿದ್ದಾರಲ್ಲ ಎಂದು ಅಲ್ಲಿಗೆ ಓಡಿದೆ. ಎತ್ತುಗಳು ಹಗ್ಗ ಜಗ್ಗಿ ಕಣ್ಣು ಬಿಟ್ಟುಕೊಂಡು ನಿಂತಿದ್ದವು. ನಡುವೆ ಅಪ್ಪ. ಎರಡೂ ಪಾದ ಬುಡದ ಮೇಲೆ, ಮೊಣಕೈ ನೆಟ್ಟಗೆ, ಹಿಡಿ ತಳ ಮುಟ್ಟಿದೆ. ಕ್ರಮದಲ್ಲಿ ಒಂದೇ ಒಂದು ದೋಷವಿರಲಿಲ್ಲ. ಹಿಂದಿನ ಟೈರು ಮಾತ್ರ ಕಳಿತ ಹಲಸಿನ ಹಣ್ಣಿನಂತೆ ಉದ್ದಕ್ಕೂ ಬಿರಿದಿತ್ತು.

"ಬೆಳಗಿಗೆ ಅಂತ ವಸಿ ಆಕ್ದೆ ಕಣ್ಲಾ," ಎಂದ ಅಪ್ಪ, ಅಲ್ಲಾಡದೆ. "ಒಂದು ತುತ್ತು ಜಾಸ್ತಿ ಆಯ್ತು."

ನನಗೆ ಅಳು ಬಂತೋ ನಗು ಬಂತೋ ಈಗ ಹೇಳಲಾರೆ. ಅಪ್ಪ ನನ್ನ ಮುಖ ನೋಡಿದ. ಹೊಲವಿದೆಯಲ್ಲ ಎಂಬ ಮಾತು ಈಗ ಅವನ ಬಾಯಿಂದ ಬರಲಿಲ್ಲ. ಎತ್ತು ಹೊಡೆದುಕೊಂಡು ಹೊರಗೆ ಹೋಗಿ ಗಾಡಿ ಕಟ್ಟಿದ. ಬೆಚ್ಚಿ ಬಿದ್ದಿದ್ದ ಎತ್ತುಗಳು. ಚಾವಟಿಯ ಕೆಲಸವೇ ಇರಲಿಲ್ಲ. ಆ ಕತ್ತಲಲ್ಲಿ ಅವು ಓಡಿದ ಓಟಕ್ಕೆ ನನ್ನ ಹಲ್ಲುಗಳು ದಾರಿಯುದ್ದಕ್ಕೂ ತಾಳ ಹಾಕಿದವು.

ಕಟ್ಟೆಗೆ ಬಂದಾಗ ಪೂರ್ವ ಕೆಂಪಾಗಿತ್ತು, ಅಷ್ಟೆ. ಇಳಿದು ನೋಡಿದೆ. ಕುರ್ಚಿಯ ಒಂದು ಪಕ್ಕ ಮೇಲ್ವಿಚಾರಕರು; ಇನ್ನೊಂದು ಪಕ್ಕ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಅಂಗಿ ಹಾಕಿದ, ನನ್ನದೇ ವಯಸ್ಸಿನ ಒಬ್ಬ. ನಾನು ಹೊತ್ತಿಗೆ ಬರುವುದಿಲ್ಲವೆಂದು, ಅವನನ್ನು ಕರೆತರುವಷ್ಟು ಖಾತರಿ ಅವರಿಗಿತ್ತು. ಅವರು ಗಡಿಯಾರ ನೋಡಿದರು, ಪೂರ್ವ ನೋಡಿದರು, ನೊರೆ ಸುರಿಸುತ್ತಿದ್ದ ಎತ್ತುಗಳನ್ನು ನೋಡಿದರು.

"ಕೂತ್ಕೊಳ್ರೀ" ಎಂದರು.

ಕುಳಿತೆ. ಆ ಇನ್ನೊಬ್ಬ ಒಂದು ಗಳಿಗೆ ನಿಂತೇ ಇದ್ದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ನಡೆದ. ಅಲ್ಲಿ ಅಪ್ಪ ಗಾಡಿ ತಿರುಗಿಸುತ್ತಿದ್ದ. ಅವನಾರು, ಏಕೆ ಬಂದಿದ್ದ ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ.

"ಯಾವೂರಪ್ಪ? ಮದ್ದೂರ್ ಕಡೀಕಾ? ಬರೀ ಗಾಡಿ ಓಯ್ತಾ ಅದೆ, ಅತ್ತು, ಅತ್ತು."

ಅವನು ತಿರುಗಿ ನನ್ನನ್ನೊಮ್ಮೆ ನೋಡಿ, ಗಾಡಿ ಹತ್ತಿದ.