ನನ್ನ ಪಾಲಿನ ರೊಟ್ಟಿ

ಬೆಂಗಳೂರಿಗೆ ಬಂದ ಮೊದಲ ವಾರವೇ ನಾನು ಮನೆ ಮಾಲೀಕರ ಹಜಾರಕ್ಕೆ ಹೋಗಿ, ಚಾಪೆ ಎಳೆದುಕೊಂಡು ಕೂತು, "ಹಸಿವಾಗೈತ್ರಿ, ಊಟಕ್ಕ ಕೊಡ್ರಿ" ಎಂದೆ. ಪಾರ್ವತಮ್ಮನವರು ಟೀವಿಯ ಸದ್ದು ತಗ್ಗಿಸಿ ನನ್ನನ್ನೇ ನೋಡಿದರು. ಅವರ ಬಸುರಿ ಸೊಸೆ ರೂಪಾ ಸೋಫಾದ ಮೇಲಿಂದ ಕಾಲು ಕೆಳಗಿಳಿಸಿದಳು. ಊಟವನ್ನೇನೋ ಕೊಟ್ಟರು, ಆದರೆ ತಟ್ಟೆ ಬಂದದ್ದು ನನಗೊಬ್ಬಳಿಗೇ. ಉಂಡು ಮುಗಿಸುವವರೆಗೂ ಇಬ್ಬರೂ ಎದುರಿಗೆ ಕೂತು ಮರುಕದಿಂದ ನೋಡಿದರು. ಮರುದಿನ ಬೆಳಿಗ್ಗೆ ನನ್ನ ಬಾಗಿಲ ಮುಂದೆ ಉಪ್ಪಿಟ್ಟಿನ ಡಬ್ಬಿ ಇತ್ತು. ಸರ್ಕಾರಿ ನೌಕರಿ ಇದ್ದೂ ಪಾಪ, ಇವಳಿಗೆ ಗತಿಯಿಲ್ಲ ಅಂದುಕೊಂಡಿದ್ದರು.

ನಮ್ಮ ಕಡೆಯವರು ಇದನ್ನು ಓದಿ ನಗುತ್ತೀರಿ, ಗೊತ್ತು. ಕೊಪ್ಪಳದ ಕಡೆಯ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದಾಗ ಎಷ್ಟು ಮನೆಗಳಲ್ಲಿ ಹೀಗೆ ಕೇಳಿ ಉಂಡಿಲ್ಲ ನಾನು! ಬಸುರಿಯರಿಗೆ ಕಬ್ಬಿಣದ ಗುಳಿಗೆ ಕೊಡುವುದು, ಸೂಜಿ ಹಾಕುವುದು ಸುಲಭ. ಉಣಿಸುವುದೇ ಕಷ್ಟ. ಹೊಟ್ಟೆ ತುಂಬ ಉಂಡರೆ ಕೂಸು ದೊಡ್ಡದಾಗಿ ಹೆರಿಗೆಗೆ ತೊಂದರೆ ಎಂದು ಅತ್ತೆಯರಿಗೆ ಭಯ. ಮನೆಮಂದಿಯೆಲ್ಲ ಉಂಡು ಎದ್ದ ಮೇಲೆ ಉಳಿದದ್ದೇ ಬಸುರಿಯ ಪಾಲು. ಬುದ್ಧಿ ಹೇಳಿದರೆ ತಲೆ ಆಡಿಸಿ ಸುಮ್ಮನಾಗುತ್ತಿದ್ದರು. ಅದಕ್ಕೇ ನಾನು ಸರಿಯಾಗಿ ಊಟದ ಹೊತ್ತಿಗೆ ಹೋಗಿ, ಹಸಿವಾಗಿದೆ ಎಂದು ಕೂತುಬಿಡುತ್ತಿದ್ದೆ. ಬಂದವರು ಒಬ್ಬರೇ ಉಂಡರೆ ಮನೆಯವರಿಗೆ ಅವಮಾನವಲ್ಲವೇ? "ನನ್ನ ಜೋಡಿ ಅಕೀನೂ ಕುಂದರ್ಲಿ" ಎಂದರೆ ಯಾವ ಅತ್ತೆಯೂ ಬೇಡ ಅನ್ನುವಂತಿರಲಿಲ್ಲ. ಬಸುರಿಯ ತಾಟಿಗೆ ಇನ್ನೊಂದು ರೊಟ್ಟಿ ಬೀಳುವವರೆಗೆ ನಾನು ಏಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಹೊಸ ನರ್ಸುಗಳಿಗೆ ಪಾಠ ಹೇಳಲು ಮಲ್ಲೇಶ್ವರದ ತರಬೇತಿ ಕೇಂದ್ರಕ್ಕೆ ನನ್ನನ್ನು ಒಂದು ವರ್ಷದ ಮಟ್ಟಿಗೆ ಕಳಿಸಿದರು. ವೈಯಾಲಿಕಾವಲ್‌ನಲ್ಲಿ, ಪಾರ್ವತಮ್ಮನವರ ಮನೆಯ ಹಿಂಬದಿಯ ಒಂದು ಕೋಣೆ ನನ್ನದಾಯಿತು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತಿತ್ತು. ಇಲ್ಲಿ ಎದುರು ಸಿಕ್ಕವರೆಲ್ಲ "ಊಟ ಆಯ್ತಾ?" ಎಂದು ಕೇಳುತ್ತಾರೆ, ಉತ್ತರಕ್ಕೆ ಮಾತ್ರ ನಿಲ್ಲುವುದಿಲ್ಲ. ಮೊದಮೊದಲು ನಾನು "ಇಲ್ರಿ" ಎಂದು ನಿಜ ಹೇಳಿ, ಕೇಳಿದವರನ್ನೇ ಪೇಚಿಗೆ ಸಿಕ್ಕಿಸುತ್ತಿದ್ದೆ. ರೂಪಾಳಿಗಂತೂ ಡಾಕ್ಟರು, ತೂಕ ಜಾಸ್ತಿಯಾಗಿದೆ, ದಿನಾ ನಡೆಯಿರಿ ಎಂದಿದ್ದರು. ಅವಳು ಸಂಜೆ ಕೆರೆಯ ಸುತ್ತ ನಡೆದು ಬಂದರೆ ಪಾರ್ವತಮ್ಮ ಬಾಗಿಲಲ್ಲೇ ಗೋಡಂಬಿ ಹಿಡಿದು ನಿಂತಿರುತ್ತಿದ್ದರು. ಊರಿನಲ್ಲಿ ಉಣಿಸಲು ಸಂಚು ಹೂಡುತ್ತಿದ್ದವಳು ಇಲ್ಲಿ "ಸಾಕು ಬಿಡ್ರಿ ಅಮ್ಮಾರ" ಎನ್ನಬೇಕಾಯಿತು.

ಮಧ್ಯಾಹ್ನವಾದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತರಗತಿಯಲ್ಲಿ ಕಾಳು, ಸೊಪ್ಪಿನ ಸತ್ವವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರೂ ಮನಸ್ಸು ನಮ್ಮ ಹಳ್ಳಿಯ ಹನುಮವ್ವನ ಮನೆಯ ಒಲೆಯ ಮುಂದಿರುತ್ತಿತ್ತು. ಹನುಮವ್ವನ ಮೊದಲ ಕೂಸು ಕೈಯಳತೆಯಷ್ಟೇ ಹುಟ್ಟಿ, ಉಳಿದಿರಲಿಲ್ಲ. ನಾನು ಹೊರಡುವಾಗ ಅವಳು ಮತ್ತೆ ಬಸುರಿ, ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ. ನನ್ನ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಬಿಡುವಿನಲ್ಲಿ ಒಂದು ಬನ್ನು, ಅರ್ಧ ಕಾಫಿ ಮುಗಿಸಿ ಸಂಪಿಗೆ ರಸ್ತೆಯಲ್ಲಿ ಸುಮ್ಮನೆ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದೆ.

ಭಾನುವಾರ ಮೂಲೆಯ ಎಸ್‌ಟಿಡಿ ಬೂತಿನಿಂದ ಊರ ಕಿರಾಣಿ ಅಂಗಡಿಗೆ ಫೋನ್ ಮಾಡಿ ಹನುಮವ್ವನನ್ನು ಕರೆಸಿದೆ. "ಉಣ್ತೀನ್ರಿ ಅಕ್ಕಾರ" ಎಂದಳು. ಹೊಟ್ಟೆ ತುಂಬಿದವರ ದನಿ ಅದಾಗಿರಲಿಲ್ಲ. ಮುಂದಿನ ವಾರ ಅವಳ ಅತ್ತೆ ಗಂಗವ್ವನನ್ನೇ ಕರೆಸಿದೆ.

"ನನಗೂ ಅಕೀ ಮ್ಯಾಲೆ ಜೀವ ಐತ್ರಿ ಅಕ್ಕಾರ," ಎಂದಳು ಗಂಗವ್ವ. "ಆದ್ರ ಕೂಸು ದೊಡ್ಡದಾದ್ರ ಹೆಂಗ್ರಿ? ನನ್ನ ಮಗಳು ಹಂಗ ಹೋದಳು. ನಿಮಗ ಗೊತ್ತೈತಲ್ರಿ."

ಗೊತ್ತಿತ್ತು. ನಾನು ಆ ಊರಿಗೆ ಬರುವ ಮೊದಲೇ ಅವಳ ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಗಂಗವ್ವ ಕೆಟ್ಟವಳಲ್ಲ, ಹೆದರಿದವಳು. ಆ ಹೆದರಿಕೆಯನ್ನು ಫೋನಿನಲ್ಲಿ ಪಾಠ ಹೇಳಿ ಬಿಡಿಸುವುದು ನನ್ನಿಂದಾಗದ ಮಾತು.

"ನಾ ಬಂದಾಗ ನನಗ ರೊಟ್ಟಿ ಹಾಕ್ತಿದ್ರಿ," ಎಂದೆ. "ಈಗ ಅದನ್ನ ಏನ್ ಮಾಡ್ತೀರಿ?"

"ನೀವ ಇಲ್ಲಲ್ರಿ ಈಗ."

"ನಾ ಇಲ್ಲಂದ್ರ ನನ್ನ ಪಾಲೂ ಹೋತೇನು? ಇಲ್ಲಿ ನಾ ಉಣ್ಣೋ ಹೊತ್ತಿಗೆ ಅಲ್ಲಿ ನನ್ನ ಪಾಲಿನ ರೊಟ್ಟಿ ಪಲ್ಯ ಹನುಮವ್ವನ ತಾಟಿಗೆ ಹಾಕ್ರಿ. ನಾನ ಉಂಡಂಗ."

ಗಂಗವ್ವ ಕೇಳಿದಳು: "ನೀವು ಅಲ್ಲಿ ಖರೇನ ಹೊತ್ತಿಗೆ ಸರಿಯಾಗಿ ಉಣ್ತೀರೇನು?"

"ಉಣ್ತೀನಿ."

"ನೀವು ತಪ್ಪಿಸಿದ್ರ ನಾನೂ ಹಾಕೂದಿಲ್ಲ ನೋಡ್ರಿ. ದನಿಯಾಗ ಗೊತ್ತಾಕ್ಕೈತಿ ನನಗ."

ನನ್ನ ಬಾಣ ನನಗೇ ತಿರುಗಿತ್ತು. ಮರುದಿನದಿಂದ ಬನ್ನು ಬಿಟ್ಟೆ. ಬುತ್ತಿ ಕಟ್ಟಿಕೊಂಡು ಹೋಗಿ, ಒಂದು ಗಂಟೆಗೆ ಸರಿಯಾಗಿ ತರಬೇತಿಯ ಹುಡುಗಿಯರ ನಡುವೆ ಕೂತು ಉಂಡೆ. ಯಾಕೆಂದು ಅವರಿಗೂ ಹೇಳಿದೆ. ಡಬ್ಬಿ ಕಳಿಸುವುದನ್ನು ಬಿಡದ ಪಾರ್ವತಮ್ಮನವರಿಗೂ ಎಲ್ಲ ಹೇಳಿದೆ.

"ಅಷ್ಟೇನಾ? ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು ಅವರು. "ರಜಾ ದಿನ ಇಲ್ಲೇ ಬಂದ್ಬಿಡಿ ಶಾಂತಾ. ನಾವೂ ನಿಮ್ ಜೊತೆ ಕೂತ್ಕೋತೀವಿ."

ಹಾಗೆ ಆ ಮನೆಯ ಅಡುಗೆಮನೆಯಲ್ಲಿ ನನಗೊಂದು ಜಾಗವಾಯಿತು. ಅಲ್ಲಿ ರಾಗಿಮುದ್ದೆ, ಬಸ್ಸಾರು. ಬಸ್ಸಾರು ಎಂದರೆ ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಮಾಡುವ ಸಾರು. ಬಸಿದು ಉಳಿದದ್ದು ಪಲ್ಯ. ಮುದ್ದೆಯನ್ನು ಅಗಿಯದೆ ನುಂಗಬೇಕಂತೆ. ನನಗೆ ಅದು ಬರಲೇ ಇಲ್ಲ. ಜೋಳದ ರೊಟ್ಟಿ ತಿಂದ ಹಲ್ಲುಗಳು ಸುಮ್ಮನಿರುವುದಿಲ್ಲ.

ತಿಂಗಳುಗಳು ಕಳೆದವು. ರೂಪಾ ತವರಿಗೆ ಹೋಗಿ, ಬಾಣಂತನ ಮುಗಿಸಿ, ಮಗುವಿನೊಂದಿಗೆ ಮರಳಿದಳು. ನನ್ನನ್ನು ಇನ್ನೆರಡು ವರ್ಷ ಇಲ್ಲೇ ಉಳಿಸಿಕೊಳ್ಳುವ ಆದೇಶ ಬಂತು. ನಾನೂ ಒಲ್ಲೆ ಅನ್ನಲಿಲ್ಲ. ಅದೇ ವಾರದ ಭಾನುವಾರ ಬೂತಿಗೆ ಹೋಗಿ ಫೋನ್ ಮಾಡಿದಾಗ ಊರ ಅಂಗಡಿಯಲ್ಲಿ ಗಂಗವ್ವ ಮೊದಲೇ ಕಾದು ಕೂತಿದ್ದಳು.

"ಹೆಣ್ಣು ಕೂಸ್ರಿ ಅಕ್ಕಾರ. ಗಟ್ಟಿ ಐತಿ. ತಾಯಿನೂ ಆರಾಮ ಅದಾಳ."

ನನಗೆ ಅಳು ಬಂತು. ಬೂತಿನವನು ಮುಖ ಆಚೆ ತಿರುಗಿಸಿಕೊಂಡ.

"ನಿಮ್ಮ ಜಾಗಕ್ಕ ಹೊಸಾ ಸಿಸ್ಟರ್ ಬಂದಾಳ್ರಿ," ಗಂಗವ್ವ ಮುಂದುವರಿಸಿದಳು. "ನಿಮ್ಮ ಕೈಯಾಗ ಕಲಿತಾಳಂತ. ಬಂದಕಿನ ಹಸಿವಾಗೈತಿ ಅಂತ ಕುಂತಳು. ನಿಮ್ಮ ಪಾಲಿನ ರೊಟ್ಟಿ ಇನ್ನ ಅಕೀಗೆ ಹಾಕ್ತೀವ್ರಿ. ನಡೀತೈತಲ್ರಿ?"

"ನಡೀತೈತಿ" ಎಂದೆ. ನನಗೆ ಬೇಕಾಗಿದ್ದದ್ದೂ ಅದೇ. ಆದರೂ ಫೋನ್ ಇಟ್ಟು ಹೊರಬಂದಾಗ ಹೊಟ್ಟೆಕಿಚ್ಚಾಯಿತು. ಅಲ್ಲಿ ನನ್ನ ತಾಟಿಗೆ ಬೇರೆಯವರು ಬಂದಿದ್ದರು, ಮುಚ್ಚಿಡುವುದೇನಿದೆ?

ನೇರ ಪಾರ್ವತಮ್ಮನವರ ಅಡುಗೆಮನೆಗೆ ಹೋಗಿ, "ಹಸಿವಾಗೈತ್ರಿ" ಎಂದೆ. ಅವರು ಒಲೆಯಿಂದ ತಿರುಗಲೂ ಇಲ್ಲ. "ಕೈ ತೊಳ್ಕೊಂಡ್ ಬನ್ನಿ, ನಿಮ್ ತಟ್ಟೆ ಇಟ್ಟಿದೀನಿ" ಎಂದರು.

ಕೂತು ಮುದ್ದೆ ಮುರಿದೆ. ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದ ರೂಪಾ ನಕ್ಕಳು. "ಇನ್ನೂ ಅಗೀತೀರಲ್ಲಾ ನೀವು."

ಹೌದು, ರೊಟ್ಟಿಯನ್ನು ಅಗಿದಂತೆ ಅಗಿದೇ ಉಂಡೆ.